ಕಂಪ್ಯೂಟರಿಗೆ ಉಡಿ ತುಂಬಿದ್ದು

ನನ್ನ ಕಂಪ್ಯೂಟರ್ ಬಹಳ ನಿಧಾನ ಎಂಬ ಸುದ್ದಿಯನ್ನು ಇಳಕಲ್ಲಿನ ತುಂಬ ಹಬ್ಬಿಸಿದವಳು ನಾನೇ. ಸುದ್ದಿ ಸುಳ್ಳಾಗಿರಲಿಲ್ಲ. ಬೆಳಿಗ್ಗೆ ಅದರ ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ, ಬೇಳೆ ಬೇಯಿಸಿ, ಒಗ್ಗರಣೆ ಹಾಕಿ, ಕೈ ಒರೆಸಿಕೊಳ್ಳುತ್ತ ಬಂದು ನೋಡಿದರೂ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತಿತ್ತು. ನಾನು ಎಲ್ಲರೆದುರು ಹಣೆ ಚಚ್ಚಿಕೊಂಡು ಅದನ್ನು ದೂರುತ್ತಿದ್ದೆ. ಒಳಗೊಳಗೆ ಮಾತ್ರ ಅದರ ಮೇಲೆ ನನಗೆ ಅಪಾರ ಪ್ರೀತಿ ಇತ್ತು. ನನ್ನ ಪಾಲಿಗೆ ಅದು ಬರೆಯುವ ಯಂತ್ರವಾಗಿರಲಿಲ್ಲ, ಬರೆಯದೇ ಇರಲು ನೆರವಾಗುವ ಯಂತ್ರವಾಗಿತ್ತು.

ಸಣ್ಣ ಊರಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಹೆಂಗಸಿನ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಯಾರಿಗೋ ಬಿನ್ನವತ್ತಳೆ ಬೇಕು, ಯಾರಿಗೋ ಸ್ವಾಗತ ಭಾಷಣ ಬೇಕು, ಹೊಸ ಮನೆ ಕಟ್ಟಿಸಿದವರಿಗೆ ಗೇಟಿನ ಮೇಲೆ ಬರೆಸಲು ಯಾರೂ ಇಟ್ಟಿರದ ಒಂದು ಹೆಸರು ಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಮುಖಕ್ಕೆ ಮುಖ ಕೊಟ್ಟು ‘ಆಗೂದಿಲ್ಲ’ ಅನ್ನುವ ರೂಢಿಯಿಲ್ಲ. ‘ನೋಡೋಣಂತ’ ಅನ್ನುತ್ತೇವೆ. ಹಾಗೆ ಅಂದರೆ ಅವರು ಮರುದಿನ ನೋಡಲಿಕ್ಕೆ ಬಂದೇ ಬಿಡುತ್ತಾರೆ. ಆದರೆ ‘ಕಂಪ್ಯೂಟರ್ ಭಾಳ ಸ್ಲೋ ಆಗೇತ್ರಿ’ ಎಂದು ಹೇಳಿ ನೋಡಿ, ಯಾರಿಗೂ ಬೇಜಾರಾಗುವುದಿಲ್ಲ. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾರೆ ಎಂದಷ್ಟೇ ಮರ್ಯಾದೆಯಿಂದ ಕೇಳಿಸಿಕೊಂಡು, ‘ಪಾಪ, ಜ್ವಾಕಿ ಮಾಡ್ರಿ’ ಎಂದು ಚಹಾ ಕುಡಿದು ಹೋಗುತ್ತಾರೆ.

ಆ ಯಂತ್ರ ಮೊದಲು ನಮ್ಮ ಮನೆಯವರ ಸೀರೆ ಅಂಗಡಿಯಲ್ಲಿತ್ತು. ಅಲ್ಲಿಗೆ ಹೊಸದು ಬಂದಾಗ ಇದು ನನ್ನ ಪಾಲಿಗೆ ಬಂತು. ರೇಷ್ಮೆ, ಹತ್ತಿಯ ಎಳೆ ಹಾರಾಡುವ ಜಾಗದಲ್ಲಿ ವರ್ಷಗಟ್ಟಲೆ ಕುಳಿತಿದ್ದರಿಂದ ಅದರ ಫ್ಯಾನಿನ ಸುತ್ತ ಸಣ್ಣ ಹಾಸಿಗೆಗೆ ಆಗುವಷ್ಟು ನೂಲಿನ ಧೂಳು ತುಂಬಿತ್ತು. ಮೇಲಿನಿಂದ ನಾನು ಗುಳೇದಗುಡ್ಡದ ಖಣದಲ್ಲಿ ಅದಕ್ಕೊಂದು ಕುಪ್ಪಸ ಹೊಲಿದು ತೊಡಿಸಿದ್ದೆ. ಯಂತ್ರ ಓಡುತ್ತಿರುವಾಗಲೂ ತೆಗೆಯುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಒಮ್ಮೊಮ್ಮೆ ಅದು ತಾನಾಗಿಯೇ ಆರಿಬಿಡುತ್ತಿತ್ತು. ನಮ್ಮ ಊರಿನ ಬಿಸಿಲಿಗೆ ನಾವೂ ಹಾಗೆಯೇ ಮಾಡುವುದರಿಂದ ನನಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ನನ್ನ ತವರು ಬಾದಾಮಿ ಸಮೀಪದ ಹಳ್ಳಿ. ಅಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ, ದುಡಿಯುವ ಜೀವಕ್ಕೆ ಒಂದು ದಿನ ಬಿಡುವು ಬೇಕು ಎಂಬುದು ನಮ್ಮ ಕಡೆಯ ಒಕ್ಕಲುತನದ ಹಳೆಯ ಕಟ್ಟಳೆ. ನಾನೂ ಆ ಕಟ್ಟಳೆಯನ್ನು ಕಂಪ್ಯೂಟರಿಗೆ ವಿಸ್ತರಿಸಿ ಸೋಮವಾರ ಅದನ್ನು ಮುಟ್ಟುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಅದು ತಾನೇ ಸೋಮವಾರ ಆಚರಿಸುತ್ತಿತ್ತು.

ಇಂಥ ನೆಪಗಳಿಗೆ ನಮ್ಮ ಸೀಮೆಯಲ್ಲಿ ದೊಡ್ಡ ಪರಂಪರೆಯೇ ಇದೆ ಎಂದು ನನ್ನ ಗುಮಾನಿ. ಐಹೊಳೆಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ನನ್ನ ಕಣ್ಣು ಅರ್ಧಕ್ಕೆ ನಿಂತ ಕೆತ್ತನೆಗಳ ಮೇಲೆಯೇ ಬೀಳುತ್ತಿತ್ತು. ಒಂದು ಬಳ್ಳಿ ಚೆಂದಾಗಿ ಸುತ್ತಿ ಸುತ್ತಿ ಬಂದು ಇದ್ದಕ್ಕಿದ್ದಂತೆ ಬರಿಯ ಕಲ್ಲಾಗಿಬಿಡುತ್ತದೆ. ವಿದ್ವಾಂಸರು ಇದಕ್ಕೆ ಯುದ್ಧ, ರಾಜವಂಶದ ಪತನ ಮುಂತಾದ ಗಂಭೀರ ಕಾರಣ ಕೊಡುತ್ತಾರೆ. ನನಗನಿಸುವಂತೆ ಯಾವನೋ ಜಾಣ ಶಿಲ್ಪಿ, ‘ಏನ್ ಮಾಡೂದ್ರಿ ದೊರಿಗಳ, ಉಳಿ ಭಾಳ ಮೊಂಡ ಆಗೇತ್ರಿ’ ಅಂದಿರಬೇಕು. ಅವನ ಪುಣ್ಯ, ಹೊಸ ಉಳಿ ತಂದುಕೊಡುವ ಬೀಗತಿ ಅವನಿಗಿರಲಿಲ್ಲ.

ನನಗೆ ಇದ್ದರು. ನನ್ನ ಮಗಳು ಸುಧಾಳ ಅತ್ತೆ ಗಿರಿಜಕ್ಕನವರು ಬಾಗಲಕೋಟೆಯ ನವನಗರದಲ್ಲಿ ಮಗ ಸೊಸೆಯೊಂದಿಗೆ ಇದ್ದಾರೆ. ಜೀವಮಾನವಿಡೀ ದವಾಖಾನೆಯಲ್ಲಿ ಸಿಸ್ಟರ್ ಆಗಿದ್ದವರು. ಗಟ್ಟಿ ದನಿ, ಗಟ್ಟಿ ಹೆಜ್ಜೆ. ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡರೆ ನೋವೇ ಗೊತ್ತಾಗುವುದಿಲ್ಲ, ಕೈಗುಣ ಬಹಳ ಒಳ್ಳೆಯದು ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರು. ನಿವೃತ್ತಿಯಾದ ಮೇಲೆ ಚುಚ್ಚಲು ಯಾರೂ ಸಿಗದೆ ಅವರು ವಚನ ಬರೆಯತೊಡಗಿದರು.

ಬರೆಯತೊಡಗಿದರು ಎನ್ನುವುದೂ ತಪ್ಪು. ಅವರು ವಚನ ಹೇಳುತ್ತಾರೆ. ಬೆಳಿಗ್ಗೆ ಪೂಜೆ ಮುಗಿಸಿ ಒಲೆಯ ಮುಂದೆ ನಿಂತಾಗ ಹೊಳೆದದ್ದನ್ನು ಮೊಬೈಲಿಗೆ ಹೇಳಿ ನನ್ನ ವಾಟ್ಸಾಪಿಗೆ ಬಿಡುತ್ತಾರೆ. ‘ಕುಕ್ಕರು ಮೂರು ಸೀಟಿ ಹೊಡೆದೊಡೆ ಬೇಳೆ ಬೆಂದಿತ್ತಯ್ಯಾ, ಮನುಜನು ನೂರು ಸೀಟಿ ಹೊಡೆದೊಡೂ ಬೇಯನು ನೋಡಯ್ಯಾ, ಮನೆಯೊಡೆಯಾ ನಂದೀಶಾ.’ ಮರುದಿನ, ‘ಬೀಪಿ ಏರಿದೊಡೆ ಗುಳಿಗೆಯುಂಟಯ್ಯಾ, ಗರ್ವ ಏರಿದೊಡೆ ಗುಳಿಗೆಯೆಲ್ಲಿಹುದಯ್ಯಾ, ಮನೆಯೊಡೆಯಾ ನಂದೀಶಾ.’ ನಂದೀಶನಿಗೆ ಒಂದು ದಿನವೂ ಸೋಮವಾರವಿಲ್ಲ. ಇವನ್ನೆಲ್ಲ ಟೈಪು ಮಾಡಿ, ತಿದ್ದಿ, ಒಂದು ಮುನ್ನುಡಿ ಬರೆದು ಪುಸ್ತಕಕ್ಕೆ ಅಣಿ ಮಾಡಿಕೊಡಬೇಕೆಂದು ಗಿರಿಜಕ್ಕ ನನ್ನನ್ನು ಕೇಳಿದರು.

ಇಲ್ಲಿ ನನ್ನ ಇಕ್ಕಟ್ಟನ್ನು ನೀವು ಅರ್ಥಮಾಡಿಕೊಳ್ಳಬೇಕು. ನಾವು ಹೆಣ್ಣು ಕೊಟ್ಟವರು. ಗಂಡಿನ ಕಡೆಯವರು ಉಪ್ಪಿಲ್ಲದ ಸಾರು ಬಡಿಸಿದರೂ ‘ಭಾಳ ರುಚಿ ಆಗೇತ್ರಿ’ ಎನ್ನಬೇಕಾದವರು. ಈ ಪಾಠವನ್ನು ನಾನು ಪೆಟ್ಟು ತಿಂದೇ ಕಲಿತಿದ್ದೆ. ಸುಧಾಳ ಲಗ್ನಪತ್ರಿಕೆಯನ್ನು ಗಿರಿಜಕ್ಕ ಅಚ್ಚು ಮಾಡಿಸಿ ತಂದಾಗ ನಾನು ಮಾತಿಗೆ ಮೊದಲು ಕೆಂಪು ಪೆನ್ನು ತೆಗೆದು ಒತ್ತು, ದೀರ್ಘ ತಿದ್ದಿ ವಾಪಸು ಕೊಟ್ಟಿದ್ದೆ. ಕೈ ಅಭ್ಯಾಸ. ಬೀಗರು ಹೋದ ಮೇಲೆ ನಮ್ಮ ಮನೆಯವರು, ‘ಮಗಳ ಸಂಸಾರ ಚಂದ ನಡೀಬೇಕಂದ್ರ ನಿನ್ನ ಪೆನ್ನಿಗೆ ಟೊಪ್ಪಿಗಿ ಹಾಕ’ ಎಂದರು. ಅಂದಿನಿಂದ ಬೀಗತಿಯ ಮುಂದೆ ನಾನು ನಗುವುದನ್ನು, ತಲೆಯಾಡಿಸುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

ಈಗ ಮುನ್ನುಡಿಯಲ್ಲಿ ವಚನ ಚೆನ್ನಾಗಿವೆ ಎಂದು ಬರೆದರೆ ನಾನು ಕಲಿಸಿದ ಕನ್ನಡಕ್ಕೆ ದ್ರೋಹ. ಚೆನ್ನಾಗಿಲ್ಲ ಎಂದು ಬರೆದರೆ ಆ ಮನೆಯಲ್ಲಿ ದಿನಾ ಏಳಬೇಕಾದ, ಕೂರಬೇಕಾದ ಮಗಳ ಗತಿಯೇನು? ಹೀಗಾಗಿ ‘ಅಕ್ಕಾರ, ಟೈಪ್ ಮಾಡಬೇಕಂತ ಕುಂದರ್ತೇನ್ರಿ, ಈ ಕಂಪ್ಯೂಟರ್ ನೋಡ್ರಿ, ಏಳಂಗಿಲ್ಲ’ ಎಂದು ಯುಗಾದಿ ದಾಟಿಸಿದೆ, ಶ್ರಾವಣ ದಾಟಿಸಿದೆ. ಮತ್ತೊಂದು ಯುಗಾದಿಯೂ ದಾಟಿತು. ಆ ಹಳೆಯ ಪೆಟ್ಟಿಗೆ ನನ್ನ ಮಗಳ ಸಂಸಾರವನ್ನು ಬೆನ್ನ ಮೇಲೆ ಹೊತ್ತು ನಿಂತಿತ್ತು.

ಆದರೆ ಗಿರಿಜಕ್ಕ ಸಿಸ್ಟರ್. ರೋಗಿ ಗುಣವಾಗುತ್ತಿಲ್ಲ ಎಂದರೆ ‘ಪಾಪ’ ಎಂದು ಚಹಾ ಕುಡಿದು ಹೋಗುವವರಲ್ಲ. ಮಗನನ್ನು ಕೂರಿಸಿಕೊಂಡು ಎಲ್ಲ ವಿಚಾರಿಸಿ, ಸುಧಾ ಹಿಂದೆ ತವರಿಗೆ ಬಂದಾಗ ತೆಗೆದಿದ್ದ ಈ ಯಂತ್ರದ ಫೋಟೊ ಅಂಗಡಿಯವನಿಗೆ ತೋರಿಸಿ, ಒಂದು ದಿನ ಫೋನು ಮಾಡಿಯೇಬಿಟ್ಟರು.

‘ಬೀಗರ, ನಿಮ್ಮ ಕಂಪ್ಯೂಟರಿಗೆ ರೋಗ ಇಲ್ರಿ, ವಯಸ್ಸಾಗೇತಿ ಅಷ್ಟ. ಮಂಡಿ ಸವದವರಿಗೆ ಹೊಸಾ ಮಂಡಿ ಹಾಕೂದಿಲ್ಲೇನ್ರಿ? ಹಂಗ ಎರಡು ಸಾಮಾನು ಬದಲಿ ಮಾಡಿದ್ರ ಹುಡುಗರಂಗ ಓಡತೈತಂತ. ಐತವಾರ ತರ್ತೇನಿ. ನೀವು ಚಾಕ್ಕ ಇಡ್ರಿ ಸಾಕು.’

ಕೂಡಲೇ ಶಬಾನಾಳಿಗೆ ಫೋನು ಮಾಡಿದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಹುನಗುಂದದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ, ಬಾಯಿ ಬಹಳ ಜೋರು. ‘ಶಬಾನಾ, ನಮ್ಮ ಕಂಪ್ಯೂಟರಿಗೆ ಇನ್ನ ಏನೂ ಹಾಕಾಕ ಬರಂಗಿಲ್ಲ ಅಂತ ನಮ್ಮ ಬೀಗತ್ಯಾರಿಗೆ ಒಂದ್ ಮಾತು ಹೇಳಬೇಕವಾ’ ಎಂದು ಬೇಡಿಕೊಂಡೆ. ಆ ಕಡೆಯಿಂದ ನಗು ಕೇಳಿಸಿತು. ‘ಟೀಚರ್, ಸುಳ್ಳು ಹೇಳಿದ್ರ ಬೆಂಚಿನ ಮ್ಯಾಲ ನಿಲ್ಲಸ್ತಿದ್ರಿ ನೀವು. ಈಗ ನನ್ನ ಕಡೆಯಿಂದ ಸುಳ್ಳು ಹೇಳಸ್ತೀರಿ? ಆ ಮಷೀನಿಗೆ ಎಸ್ಸೆಸ್ಡಿ ಹಾಕಿ, ರ್ಯಾಮ್ ಹೆಚ್ಚು ಮಾಡಿದ್ರ ಇನ್ನೂ ಭಾಳ ವರ್ಷ ನಡೀತೈತ್ರಿ. ನಾನ ಎಷ್ಟೋ ಸಲ ಹೇಳೇನಿ ನಿಮಗ.’

ಹೇಳಿದ್ದಳು, ನಿಜ. ನಾನು ಕೇಳಿಸಿಕೊಂಡಿರಲಿಲ್ಲ ಅಷ್ಟೆ. ನನ್ನಂತೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಹಳೆಯ ಯಂತ್ರದೊಳಗೆ ಗರಗರ ತಿರುಗುವ ಒಂದು ತಟ್ಟೆ ಇರುತ್ತದೆ, ಎಲ್ಲ ಕಡತ ಅದರಲ್ಲಿ. ಬೇಕಾದ್ದನ್ನು ತಟ್ಟೆ ತಿರುಗಿ ತಿರುಗಿ ಹುಡುಕುತ್ತದೆ. ಎಸ್ಸೆಸ್ಡಿಗೆ ತಿರುಗುವ ಗೊಡವೆಯಿಲ್ಲ, ಕೇಳಿದ್ದನ್ನು ಥಟ್ಟನೆ ಕೊಡುತ್ತದೆ. ರ್ಯಾಮ್ ಎಂದರೆ ಯಂತ್ರದ ಆ ಹೊತ್ತಿನ ನೆನಪು. ಅದು ಕಡಿಮೆಯಿದ್ದರೆ ಒಂದು ಕೆಲಸ ಮಾಡುತ್ತ ಇನ್ನೊಂದನ್ನು ಮರೆಯುತ್ತದೆ. ಅಡುಗೆಮನೆಯಿಂದ ಪಡಸಾಲೆಗೆ ಬಂದು ‘ನಾನು ಯಾಕೆ ಬಂದೆ’ ಎಂದು ನಿಲ್ಲುವ ನನಗೇ ಅದನ್ನು ಮೊದಲು ಹಾಕಿಸಬೇಕಿತ್ತು.

ಐತವಾರ ಗಿರಿಜಕ್ಕ ಬಂದರು. ಬೀಗರ ಮನೆಗೆ ಕೈ ಬೀಸಿಕೊಂಡು ಬರುವುದುಂಟೆ? ಬಂದವರೇ ದೇವರ ಮುಂದೆ ಮಣೆ ಹಾಕಿಸಿ ನನ್ನನ್ನು ಕೂರಿಸಿ, ಸೆರಗು ಒಡ್ಡಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ಎಲೆ, ಅರಿಷಿಣದ ಕೊಂಬು, ಒಂದು ಖಣ. ಖಣದ ಮೇಲೆ ಎಸ್ಸೆಸ್ಡಿ. ಅದರ ಮೇಲೆ ರ್ಯಾಮ್. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ್ದನ್ನು ಉಡಿಗೆ ಹಾಕಬಾರದೆಂದು ಅವರು ಅದನ್ನು ಮೊದಲೇ ಬಿಚ್ಚಿದ್ದರು. ರ್ಯಾಮಿನ ಒಂದು ಅಂಚಿಗೆ ಸಾಲಾಗಿ ಬಂಗಾರದ ಬಣ್ಣದ ಹಲ್ಲುಗಳಿರುತ್ತವೆ. ಬಂಗಾರ ಕಂಡರೆ ನಮ್ಮ ಹೆಂಗಸರ ಬೆರಳು ಸುಮ್ಮನಿರುತ್ತದೆಯೆ? ಅದಕ್ಕೂ ಅರಿಷಿಣ ಕುಂಕುಮ ಏರಿಸಿದರು.

ಸಾಮಾನು ಹಾಕಿಕೊಡಲು ಶಬಾನಾ ಮಧ್ಯಾಹ್ನ ಬರುವವಳಿದ್ದಳು. ಗಿರಿಜಕ್ಕನವರಿಗೆ ಅಷ್ಟು ತಾಳ್ಮೆಯಿಲ್ಲ. ‘ಎಂಥೆಂಥಾ ಸಲಾಯಿನ್ ಹಚ್ಚೇನಿ, ಇದೇನ್ ದೊಡ್ಡದ್ರಿ? ವಿಡಿಯೋ ನೋಡಿ ಬಂದೇನಿ, ರ್ಯಾಮರ ಈಗ ಹಾಕಿಬಿಡೋಣು’ ಎಂದು ತಾವೇ ವೈರು ಕಿತ್ತು, ಸ್ಕ್ರೂ ತೆಗೆದು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ಒಳಗಿನ ಧೂಳು ನೋಡಿ ಸೀನಿದರು. ನಂತರ, ಹೊಸ ಕೆಲಸಕ್ಕೆ ಕೈ ಹಚ್ಚುವಾಗ ಮಾಡುವಂತೆ, ಎರಡೂ ಕೈಯಿಂದ ಯಂತ್ರದ ಒಳಗೆ ಅಕ್ಷತೆ ಹಾಕಿ ಕೈಮುಗಿದರು. ನಾನು ತಡೆಯಬಹುದಿತ್ತು. ಹೆಣ್ಣು ಕೊಟ್ಟವರು ಎಂದು ತಡೆಯಲಿಲ್ಲ ಎಂದು ಹೇಳಿಕೊಂಡರೆ ಅರ್ಧ ಸತ್ಯ. ಉಳಿದರ್ಧ, ಏನಾದರೂ ಕೆಟ್ಟರೆ ಕೆಡಲಿ ಎಂಬ ದೂರದ ಆಸೆ.

ರ್ಯಾಮ್ ಕೂರಿಸಿ, ವೈರು ಚುಚ್ಚಿ, ಗುಂಡಿ ಒತ್ತಿದರು. ಪರದೆ ಕಪ್ಪಗೇ ಉಳಿಯಿತು. ಒಳಗಿನಿಂದ ಬೀಪ್, ಬೀಪ್ ಎಂದು ಒಂದೇ ಸಮನೆ ಕೂಗು. ನನ್ನೊಳಗೆ ಒಂದು ಡೊಳ್ಳು ಬಾರಿಸತೊಡಗಿತು. ಮುನ್ನುಡಿಯಿಂದ ಬಿಡುಗಡೆ! ಅದೂ ಬೀಗತಿಯ ಕೈಯಿಂದಲೇ! ಸಂತೋಷ ಮುಖದಲ್ಲಿ ಕಾಣದಿರಲೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರ ಕಡೆ ತಿರುಗಿದೆ.

ಗಿರಿಜಕ್ಕ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಆ ಗಟ್ಟಿ ಹೆಂಗಸು ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು. ‘ನನ್ನ ಕೈಗುಣ ಹೋತ್ರಿ, ಬೀಗರ’ ಎಂದರು. ‘ನೌಕರಿ ಮುಗದ ಮ್ಯಾಲ ಯಾವದಕ್ಕ ಕೈ ಹಚ್ಚಿದ್ರೂ ಹಿಂಗ ಆಕ್ಕೈತಿ. ನಿಮ್ಮ ಕಂಪ್ಯೂಟರ್ ಕೊಂದೆ.’ ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲೇ ಇಲ್ಲ. ನನ್ನ ಡೊಳ್ಳು ತಟ್ಟನೆ ನಿಂತಿತು. ನಾಚಿಕೆಯಾಯಿತು. ಯಾವ ಪುಸ್ತಕವನ್ನು ಎಷ್ಟು ಹೊಗಳಬೇಕು ಎಂಬ ಚಿಂತೆಯೆಲ್ಲ ಹಿಂದೆ ಸರಿದು, ಹೇಗಾದರೂ ಮಾಡಿ ಈ ಹಾಳು ಪೆಟ್ಟಿಗೆ ಈಗ ಏಳಬೇಕು ಎನಿಸಿತು. ಶಬಾನಾಳಿಗೆ ಮತ್ತೆ ಫೋನು ಮಾಡಿದೆ. ‘ಇದ್ದ ಕೆಲಸ ಬಿಟ್ಟು ಬಾರವಾ’ ಎಂದೆ.

ಶಬಾನಾ ಸ್ಕೂಟಿ ಏರಿ ಬಂದಳು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು. ‘ಯಾರ್ರಿ ಇದರಾಗ ಲಗ್ನಾ ಮಾಡಿದವ್ರು?’ ಎಂದಳು. ರ್ಯಾಮ್ ಕೂರುವ ಸಂದಿಯಲ್ಲಿ ಒಂದು ಅಕ್ಕಿಕಾಳು ಆರಾಮವಾಗಿ ಮಲಗಿತ್ತು. ಅದನ್ನು ಚಿಮಟದಿಂದ ಎತ್ತಿ ನನ್ನ ಅಂಗೈಗೆ ಹಾಕಿದಳು. ಬಂಗಾರದ ಹಲ್ಲಿಗೆ ಮೆತ್ತಿದ್ದ ಅರಿಷಿಣವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಯವಾಗಿ ತಿಕ್ಕಿ ತೆಗೆದಳು. ಈ ಹಲ್ಲುಗಳನ್ನು ರಿಪೇರಿಯವರೆಲ್ಲ ರಬ್ಬರಿನಿಂದಲೇ ಸ್ವಚ್ಛ ಮಾಡುತ್ತಾರಂತೆ. ಕಪ್ಪುಹಲಗೆಯ ಮುಂದೆ ಕಳೆದ ನನ್ನ ಜನ್ಮದಲ್ಲಿ ರಬ್ಬರಿಗೆ ಇಷ್ಟು ಗೌರವ ಸಿಕ್ಕಿದ್ದನ್ನು ನೋಡಿರಲಿಲ್ಲ. ರ್ಯಾಮನ್ನು ಮತ್ತೆ ಕೂರಿಸಿ ಗುಂಡಿ ಒತ್ತಿದಳು. ಬೀಪ್ ಒಂದೇ ಸಲ ಕೂಗಿ ಸುಮ್ಮನಾಯಿತು, ಪರದೆ ಬೆಳಗಿತು. ಗಿರಿಜಕ್ಕ ‘ನನ್ನಪ್ಪಾ ನಂದೀಶಾ’ ಎಂದು ಉಸಿರು ಬಿಟ್ಟರು. ಅವರ ಅಂಕಿತ ಇಷ್ಟು ಸಹಜವಾಗಿ ಬಿದ್ದದ್ದು ಅದೇ ಮೊದಲು.

ಆಮೇಲೆ ಶಬಾನಾ ಫ್ಯಾನಿನ ಧೂಳನ್ನು ಬ್ರಶ್ಶಿನಿಂದ ಕೆದರಿ ಅಂಗಳಕ್ಕೆ ಊದಿದಳು. ‘ಮಷೀನಿಗೆ ಕುಪ್ಪಸ ಹಾಕಬಾರದ್ರಿ ಟೀಚರ್, ಉಸುರು ಕಟ್ಟತೈತಿ’ ಎಂದು ನನ್ನ ಖಣದ ಕವಚವನ್ನು ಬದಿಗೆ ಎಸೆದಳು. ಹಳೆಯ ತಟ್ಟೆಯಲ್ಲಿದ್ದುದನ್ನೆಲ್ಲ ಎಸ್ಸೆಸ್ಡಿಗೆ ಇಳಿಸಲು ಹಚ್ಚಿ ಕುಳಿತಳು. ಊಟಕ್ಕೆಂದು ಅಂಗಡಿಯಿಂದ ಬಂದ ನಮ್ಮ ಮನೆಯವರು ಸ್ವಲ್ಪ ಹೊತ್ತು ನಿಂತು ನೋಡಿ, ‘ಮಗ್ಗದ ಮ್ಯಾಲ ಹಳೇ ಹಾಸಿನ ಎಳಿಗೆ ಹೊಸಾ ಹಾಸಿನ ಎಳಿ ಹೊಸೀತಾರಲ್ಲ, ಹಂಗ ಐತಿ ಇದು’ ಎಂದರು. ಸೀರೆಯ ಊರಿನವರಿಗೆ ಜಗತ್ತಿನ ಯಾವ ವಿದ್ಯೆಯೂ ಮಗ್ಗದ ಹೊರಗಿನದಲ್ಲ.

ಆ ಹೊತ್ತಿನಲ್ಲಿ ಗಿರಿಜಕ್ಕ ಚೇತರಿಸಿಕೊಂಡು ಶಬಾನಾಳಿಗೆ ತಮ್ಮ ವಚನ ಕೇಳಿಸಿದರು. ಶಬಾನಾ ತಲೆ ಎತ್ತದೆ, ‘ಭಾಳ ಚಲೋ ಅದಾವ್ರಿ ಅಮ್ಮಾರ’ ಎಂದಳು. ನಮ್ಮ ಮನೆಯವರೂ ‘ಏ, ಭಾರಿ ಅದಾವ್ರಿ’ ಎಂದರು. ಹೊಗಳಿಸಿಕೊಂಡವರ ಮುಖ ಅರಳಬೇಕಲ್ಲವೆ? ಗಿರಿಜಕ್ಕ ಮೊಬೈಲು ಮಡಿಲಲ್ಲಿಟ್ಟು ಕಿಟಕಿಯ ಕಡೆ ನೋಡಿದರು. ಯಂತ್ರದ ಮೇಲೆ ಕಣ್ಣಿಟ್ಟಿದ್ದ ನಾನು ಅದನ್ನು ಕಂಡರೂ ಯಾಕೆಂದು ಯೋಚಿಸಲಿಲ್ಲ.

ಕೆಲಸ ಮುಗಿದ ಮೇಲೆ ಶಬಾನಾ ನನ್ನನ್ನೇ ಕರೆದು ಗುಂಡಿ ಒತ್ತಿಸಿದಳು. ಅಭ್ಯಾಸಬಲದಿಂದ ಗುಂಡಿ ಒತ್ತಿ ಅಡುಗೆಮನೆಯ ಕಡೆ ಹೊರಟಿದ್ದೆ. ‘ಎಲ್ಲಿಗ್ರಿ ಟೀಚರ್, ಬಂತಲ್ರಿ’ ಎಂದಳು. ತಿರುಗಿ ನೋಡಿದರೆ ಪರದೆ ತುಂಬ ಚಿತ್ರ, ಚಕ್ರದ ಸುಳಿವೇ ಇಲ್ಲ. ಮುಂದೇನು ಎಂದು ಅದು ನನ್ನನ್ನು ಕೇಳುತ್ತಿತ್ತು. ಅಷ್ಟು ಸಣ್ಣ ಹೊತ್ತಿನಲ್ಲಿ ಅಷ್ಟು ದೊಡ್ಡ ಆಸ್ತಿ ಕಳೆದುಕೊಂಡವಳು ಇಡೀ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ಸೋಮವಾರ. ಆದರೂ ಕುಳಿತೆ. ಒಂದೊಂದೇ ಸಂದೇಶ ಕೇಳುತ್ತ ಟೈಪು ಮಾಡಿದೆ. ಕಿವಿಗೆ ಬಿದ್ದದ್ದು ಬೆರಳಿಗೆ ಇಳಿಯುವುದರಿಂದ ಒಮ್ಮೆ ಹೀಗಾಯಿತು: ‘ಸಂಸಾರವೆಂಬುದು ಸಾಗರವಯ್ಯಾ, ದಾಟುವ ಬಗೆಯ ಕಾಣೆನಯ್ಯಾ, ಏ ಸುಧಾ ಹಾಲು ಉಕ್ಕಾಕತ್ತಾವು, ಗ್ಯಾಸ್ ಸಣ್ಣ ಮಾಡವಾ, ಮನೆಯೊಡೆಯಾ ನಂದೀಶಾ.’ ಅಳಿಸಲು ಹೋದೆ. ಓದಿ ನೋಡಿದೆ. ಆ ಪುಟದಲ್ಲಿ ಜೀವ ಇದ್ದದ್ದು ಆ ಒಂದು ಸಾಲಿಗೇ. ಇನ್ನೊಂದು ಕಡೆ ವಚನ ಮುಗಿದ ಮೇಲೆ ಮೊಬೈಲು ಆರಿಸುವುದನ್ನು ಮರೆತು ಅವರು ಯಾರ ಹತ್ತಿರವೋ ಮಾತಾಡುತ್ತಿದ್ದರು. ಸೂಜಿ ಎಂದರೆ ಓಡಿಹೋಗುತ್ತಿದ್ದ ಒಬ್ಬ ಮುದುಕನಿಗೆ ಅವನ ಎಮ್ಮೆಯ ಸುದ್ದಿ ಕೇಳುತ್ತ ಕೇಳುತ್ತ ಚುಚ್ಚಿಬಿಟ್ಟ ಕಥೆ. ನಾನು ಟೈಪು ಮಾಡುವುದನ್ನು ಬಿಟ್ಟು ನಗುತ್ತ ಕುಳಿತೆ. ಇಷ್ಟು ಚೆಂದ ಮಾತಾಡುವ ಈ ಹೆಂಗಸು ಬರೆಯಲು ಹೊರಟ ಕೂಡಲೇ ಯಾಕೆ ‘ಅಯ್ಯಾ’ ಹಚ್ಚಿಕೊಂಡು ಸೊರಗುತ್ತಾರೆ ಎಂದು ನಿಜಕ್ಕೂ ಸಿಟ್ಟು ಬಂತು.

ಎಲ್ಲ ಮುದ್ರಿಸಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಮುನ್ನುಡಿಗೆ ಬೇಕಾದ ಮಾತುಗಳನ್ನು ಹೊಂದಿಸುತ್ತ ಹೋದೆ. ಹುನಗುಂದ ದಾಟುವಾಗ ‘ಅನುಭಾವದ ಸೆಲೆ’ ಸಿಕ್ಕಿತು. ಅಮೀನಗಡದ ಹತ್ತಿರ ‘ಸರಳ ಸುಂದರ’ ಬಂತು. ಶಿರೂರು ಬರುವ ಹೊತ್ತಿಗೆ ಯಾರಿಗೂ ನೋವಾಗದ, ಯಾರಿಗೂ ಏನೂ ಹೇಳದ ಮುನ್ನುಡಿಯೊಂದು ತಲೆಯಲ್ಲಿ ಸಿದ್ಧವಾಗಿತ್ತು. ಮಗಳ ಮನೆಯ ಮೆಟ್ಟಿಲು ಹತ್ತುವಾಗ ನನಗೆ ನನ್ನ ಮೇಲೆಯೇ ಬೇಸರವಾಗಿತ್ತು.

ಗಿರಿಜಕ್ಕ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಿರುವಲಿಲ್ಲ. ನನ್ನ ಮುಖವನ್ನೇ ನೋಡುತ್ತ, ‘ಹೆಂಗ ಅನಿಸಿದ್ವುರ್ರಿ?’ ಎಂದರು. ನಾನು ಬಾಯಿ ತೆರೆದೆ. ಅನುಭಾವದ ಸೆಲೆ ಶಿರೂರಿನಲ್ಲೇ ಇಳಿದುಹೋಗಿತ್ತು. ‘ಅಲ್ರಿ ಅಕ್ಕಾರ, ಈ ಕಂಪ್ಯೂಟರ್...’ ಎಂದು ಹಳೆಯ ದಾರಿ ಹಿಡಿದೆ.

‘ಕಂಪ್ಯೂಟರ್ ಸುದ್ದಿ ಸಾಕ್ರಿ ಇನ್ನ’ ಎಂದರು ಗಿರಿಜಕ್ಕ. ‘ನಮ್ಮ ಮನ್ಯಾಗ ಹೊಸಾ ಲ್ಯಾಪ್‌ಟಾಪ್ ಐತಿ. ಮಗ ಅದಾನ, ಸೊಸಿ ಅದಾಳ, ಇಬ್ಬರೂ ಟೈಪ್ ಮಾಡ್ತಾರ. ಟೈಪ್ ಮಾಡೋರು ಬೇಕಾಗಿದ್ರ ನಾ ಇಳಕಲ್ಲಿಗೆ ಯಾಕ ಬರ್ತಿದ್ದೆ? ಎಲ್ಲಾರೂ ಭಾಳ ಚಲೋ ಭಾಳ ಚಲೋ ಅಂತಾರ್ರಿ. ಹಂಗನ್ನೂದು ನನಗ ತಿಳೀತೈತಿ. ಸಾಯಾಕತ್ತವರಿಗೆ ನಾನೂ ಹಂಗ ಅಂತಿದ್ದೆ, ಆರಾಮ ಆಕ್ಕೀರಿ ಅಂತ. ಆವತ್ತು ಲಗ್ನಪತ್ರಿಕಿ ತಂದಾಗ ಒಬ್ಬಾಕಿ ಕೆಂಪು ಪೆನ್ನು ಹಿಡದು ಹುಡುಗನ ತಾಯಿ ಮುಂದ ತಪ್ಪು ತೆಗದಳಲ್ಲ, ಆಕಿ ನನಗ ಖರೆ ಹೇಳ್ತಾಳ ಅಂತ ಅಂದುಕೊಂಡಿದ್ದೆ. ಆಕಿ ಎಲ್ಲಿ ಹೋದಳು ಬೀಗರ?’

ಇಷ್ಟು ದಿನ ಮಗಳ ಸಂಸಾರ ಕಾಯುತ್ತಿದ್ದೇನೆ ಎಂದುಕೊಂಡು ನಾನು ಕಾಯ್ದದ್ದು ನನ್ನ ಅಂಜಿಕೆಯನ್ನು. ಅವರು ಯಂತ್ರಕ್ಕೆ ವೇಗ ತಂದದ್ದು ನನ್ನ ಬಾಯಿ ತೆರೆಯಲಿ ಎಂದು. ಕಡೆಗೆ ಚೀಲದಲ್ಲಿ ಕೈ ಹಾಕಿ ಕೆಂಪು ಪೆನ್ನು ತೆಗೆದೆ. ‘ಅಕ್ಕಾರ, ಅಯ್ಯಾ ಭಾಳ ಆದ್ವುರ್ರಿ. ಅಯ್ಯಾ ತಗದ್ರ ಅರ್ಧ ವಚನ ಉಳಿಯಂಗಿಲ್ಲ’ ಎಂದೆ. ‘ಸಾಗರ ಹೊಡದ ಹಾಕ್ರಿ. ನೀವು ಸಾಗರ ಯಾವಾಗ ನೋಡೀರಿ? ಹಾಲು ಉಕ್ಕಿದ್ದು ಇಡ್ರಿ. ಎಮ್ಮಿ ಮುದುಕ ಎಲ್ಲಿ ಅದಾನ ಇದರಾಗ? ಅವನ್ನ ಬರೀರಿ.’

‘ಸಾಗರ ನನಗ ಬೇಕು’ ಎಂದರು ಗಿರಿಜಕ್ಕ. ‘ಬ್ಯಾಡ’ ಎಂದೆ. ‘ಕುಕ್ಕರ್ ಮುಟ್ಟಿದ್ರ ನೋಡ್ರಿ ಮತ್ತ!’ ಎಂದು ಅವರು ಹಾಳೆ ಕಸಿದುಕೊಂಡರು. ನಾನು ಆ ಕಡೆಯಿಂದ ಎಳೆದೆ. ಇಬ್ಬರ ದನಿಯೂ ಬೀದಿಗೆ ಕೇಳಿಸುವಷ್ಟಾಯಿತು. ಒಳಗಿನಿಂದ ಸುಧಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು. ‘ಏನಾತವಾ?’ ಎಂದು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ‘ಏನಿಲ್ಲ, ನಿಮ್ಮವ್ವ ನನ್ನ ವಚನ ಕೊಯ್ಯಾಕತ್ಯಾಳ. ನೀ ಚಾ ಮಾಡ ಹೋಗ, ಸಕ್ಕರಿ ಜಾಸ್ತಿ ಹಾಕ’ ಎಂದರು ಗಿರಿಜಕ್ಕ. ಅವರ ಮುಖ ಈಗ ಅರಳಿತ್ತು.

ಚಹಾ ಬಂದ ಮೇಲೆ ಅವರು ಬಟ್ಟಲು ಕೈಯಲ್ಲಿ ಹಿಡಿದು, ‘ಖರೆ ಅಂದ್ರ ಒಂದ ಕಡೆಯಿಂದ ಹೇಳೂದಲ್ರಿ. ನನ್ನ ಪಾಳಿನೂ ಐತಿ’ ಎಂದರು. ‘ಹೇಳ್ರಿ’ ಎಂದೆ, ಬಹಳ ಉದಾರಳಾಗಿ. ‘ಪೇಪರಿನ್ಯಾಗ ಆಗೊಮ್ಮಿ ಈಗೊಮ್ಮಿ ನಿಮ್ಮ ಪ್ರಬಂಧ ಬರ್ತಾವಲ್ರಿ, ಎಲ್ಲಾ ಓದೇನಿ. ಚಲೋ ಇರ್ತಾವು. ಆದ್ರ ಶುರು ಆಗೂದ ಭಾಳ ತಡಾ. ನಿಮ್ಮ ಹಳೇ ಕಂಪ್ಯೂಟರ್ ಇತ್ತಲ್ಲ, ಹಂಗ. ಗುಂಡಿ ಒತ್ತಿ ಬ್ಯಾಳಿ ಬೇಯಿಸಿಕೊಂಡು ಬರಬೇಕು.’

ಸುಧಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಕೆಂಪು ಪೆನ್ನು ಕೆಳಗಿಟ್ಟೆ. ಇಷ್ಟು ವರ್ಷ ಪರರ ಉತ್ತರಪತ್ರಿಕೆ ನೋಡಿದವಳಿಗೆ ಯಾರೂ ಹೀಗೆ ಅಂಕ ಕೊಟ್ಟಿರಲಿಲ್ಲ. ಉರಿಯಿತು. ಉರಿದರೂ, ಎಲ್ಲಿ ಚುಚ್ಚಬೇಕೋ ಅಲ್ಲಿಯೇ ಚುಚ್ಚಿದ್ದರು. ಅವರ ಕೈಗುಣ ಎಲ್ಲಿಗೂ ಹೋಗಿರಲಿಲ್ಲ.

ಈ ಪ್ರಬಂಧ ಬರೆದ ಮೇಲೆ ಮೊದಲು ಅವರಿಗೇ ಓದಿ ಹೇಳಿದೆ. ಇದರ ಆರಂಭದಲ್ಲಿ ಮಣಿಚೌಕಟ್ಟಿನಿಂದ ಹಿಡಿದು ಗಣಕಯಂತ್ರದ ಇತಿಹಾಸ ಹೇಳುವ ಎರಡು ದೊಡ್ಡ ಪ್ಯಾರಾಗಳಿದ್ದವು, ಬಹಳ ಕಷ್ಟಪಟ್ಟು ಬರೆದಿದ್ದೆ. ಬೀಗತಿ ಎರಡನ್ನೂ ಹೊಡೆದುಹಾಕಿಸಿದರು. ನೀವು ಓದಿದ್ದು ಮೂರನೆಯದರಿಂದ.